ಬೇಲಿಕಂಬಕ್ಕೆ ಕಸಿ ಎನ್ನುತ್ತೀರಾ?

“ರೋಗಿಗೆ ಟೈಟಾನಿಯಂ ಬೆನ್ನುಮೂಳೆ ಕಸಿ.” ಇಂಥ ತಲೆಬರಹ ಈ ತಿಂಗಳಲ್ಲೇ ಮೂರನೇ ಸಲ ಕಣ್ಣಿಗೆ ಬಿತ್ತು. ಓದಿದ ನಮ್ಮ ಚಿಕ್ಕಮ್ಮ ಕೇಳಿದರು: “ಮೂಳೆ ಕೊಟ್ಟವರು ಯಾರಂತೆ?” ತಪ್ಪು ಅವರದಲ್ಲ.

ಕಸಿ ತೋಟದ ಮಾತು. ಕಾಡುಮಾವಿನ ಬುಡಕ್ಕೆ ರಸಪುರಿಯ ಕಡ್ಡಿ ಕೂಡಿಸಿ ಕಟ್ಟುತ್ತೇವೆ. ಎರಡಕ್ಕೂ ಜೀವವಿದೆ, ಬೆಸೆದುಕೊಂಡು ಚಿಗುರಿದರೆ ಕಸಿ ಹಿಡಿಯಿತು ಅನ್ನುತ್ತೇವೆ. ಮೂತ್ರಪಿಂಡಕ್ಕೆ ಈ ಪದ ಒಪ್ಪುವುದು ಅದಕ್ಕೇ. ಇನ್ನೊಬ್ಬರ ಜೀವಂತ ಅಂಗವನ್ನು ಮೈ ಒಪ್ಪಬೇಕು, ಒಪ್ಪಿಸಲು ಮಾತ್ರೆ ನುಂಗುತ್ತಲೇ ಇರಬೇಕು. ಟೈಟಾನಿಯಂ ಬರೀ ಲೋಹ, ಅದಕ್ಕೆ ದಾನಿಯೂ ಇಲ್ಲ, ಆ ಮಾತ್ರೆಯೂ ಇಲ್ಲ. ಅಂಗದ ಕಸಿಗೆ ಇಂಗ್ಲಿಷಿನಲ್ಲಿ ಟ್ರಾನ್ಸ್‌ಪ್ಲಾಂಟ್, ಈ ಲೋಹದ ತುಂಡಿಗೆ ಇಂಪ್ಲಾಂಟ್. ಎರಡರ ಹೊಟ್ಟೆಯಲ್ಲೂ ಲ್ಯಾಟಿನ್ನಿನ ‘ನೆಡು’ ಇದೆ, ನಿಜ. ಆದರೆ ಒಂದು ಕಡೆ ಕಿತ್ತು ಇನ್ನೊಂದು ಕಡೆ ನೆಟ್ಟರೆ ಟ್ರಾನ್ಸ್‌ಪ್ಲಾಂಟ್, ಭತ್ತದ ಪೈರಿನ ಹಾಗೆ. ಒಳಗೆ ನೆಟ್ಟದ್ದು ಇಂಪ್ಲಾಂಟ್. ಬೇಲಿಗೆ ಕಲ್ಲುಕಂಬವನ್ನೂ ನೆಡುತ್ತೇವೆ. ಅದನ್ನು ಕಸಿ ಎಂದವರನ್ನು ನಾನಂತೂ ಕಂಡಿಲ್ಲ.

ಜೊತೆಗೆ ‘ಕಸ್ಟಮ್’, ಅಂದರೆ ಒಬ್ಬರ ಅಳತೆಗೇ ಮಾಡಿಸಿದ್ದು, ಅನ್ನುವುದೊಂದು. ಡಬ್ಬಿಯಲ್ಲಿರುವ ಐದಾರು ಸೈಜಿನಲ್ಲಿ ಹೊಂದುವುದನ್ನು ಆರಿಸಿದರೆ ಅದು ಕಸ್ಟಮ್ ಅಲ್ಲ, ಅಂಗಡಿಯಲ್ಲಿ ಚಪ್ಪಲಿ ಹಾಕಿ ನೋಡಿದ್ದು. 2015ರ ಕೊನೆಗೆ ಸಿಡ್ನಿಯಲ್ಲಿ ನರಶಸ್ತ್ರವೈದ್ಯ ಡಾ. ರಾಲ್ಫ್ ಮಾಬ್ಸ್ ಮಾಡಿದ್ದು ಕಸ್ಟಮ್. ರೋಗಿಯ ಕತ್ತಿನ ಮೇಲ್ತುದಿಯಲ್ಲಿ ಕಾರ್ಡೋಮಾ ಎಂಬ ಅಪರೂಪದ ಕ್ಯಾನ್ಸರ್ ಗೆಡ್ಡೆ. ತಲೆ ಹೊತ್ತು ತಿರುಗಿಸುವ ಮೊದಲೆರಡು ಕಶೇರುಗಳ (ಬೆನ್ನುಮೂಳೆಯ ಬಿಡಿ ಮೂಳೆಗಳ) ಜಾಗಕ್ಕೆ ಆ ಒಬ್ಬನ ಸ್ಕ್ಯಾನ್ ನೋಡಿಯೇ ಆಕಾರ ಬಿಡಿಸಿ, ಮೆಲ್ಬರ್ನಿನ ಅನಟಾಮಿಕ್ಸ್ ಕಂಪನಿ ಟೈಟಾನಿಯಂನಲ್ಲಿ ತ್ರೀಡಿ ಪ್ರಿಂಟ್ ಮಾಡಿಕೊಟ್ಟಿತು. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಕೂಡಿಸುವ ಕೆಲಸ ಅದು. ರೋಗಿಯ ಆ ಭಾಗದ ಮಾದರಿಯನ್ನೂ ಮುದ್ರಿಸಿದ್ದರು, ವೈದ್ಯರು ಮೊದಲು ಅದರ ಮೇಲೆ ಕೈ ಪಳಗಿಸಿಕೊಳ್ಳಲಿ ಎಂದು. ಬ್ಲೌಸಿಗೆ ಅಳತೆ ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಮಾಷೆಯೆಂದರೆ, ಇಂಥ ಎಷ್ಟೋ ಆಪರೇಷನ್ನುಗಳಲ್ಲಿ ನಿಜವಾದ ಕಸಿಯೂ ನಡೆಯುತ್ತದೆ. ರೋಗಿಯದೇ ಸೊಂಟದ ಮೂಳೆಯ ಚೂರು ತೆಗೆದು ಇಂಪ್ಲಾಂಟಿನ ಒಳಗೆ, ಸುತ್ತ ತುಂಬುತ್ತಾರೆ. ಲೋಹದ ಮೈಯನ್ನು ಸ್ಪಂಜಿನಂತೆ ತೂತುತೂತಾಗಿ ಮಾಡುವುದೂ ಮೂಳೆ ಅದರೊಳಗೆ ಬೆಳೆದು ಹಿಡಿದುಕೊಳ್ಳಲೆಂದೇ. ಕಂಬಕ್ಕೆ ಬಳ್ಳಿ ಹಬ್ಬಿದ ಹಾಗೆ. ಹಬ್ಬಿದ ಮಾತ್ರಕ್ಕೆ ಕಂಬ ಗಿಡವಾಗುವುದಿಲ್ಲ. ಕಸಿ ಅನ್ನಬಹುದಾದ ಆ ಮೂಳೆಚೂರಿನ ಸುದ್ದಿ ಮಾತ್ರ ಆ ಮೂರು ವರದಿಗಳಲ್ಲಿ ಒಂದರಲ್ಲೂ ಇರಲಿಲ್ಲ.

ಇಂಪ್ಲಾಂಟ್ ಎಂದೇ ಬರೆಯಿರಿ. ಹಲ್ಲಿಗೆ ಹಾಕಿಸಿಕೊಂಡವರೆಲ್ಲ ಹಾಗೇ ಅನ್ನುತ್ತಾರೆ. ಕನ್ನಡವೇ ಬೇಕೆಂದರೆ ‘ಅಳವಡಿಕೆ’ ಇದೆ, ಫ್ಯಾನಿಗೂ ಅದೇ ಪದವಾದರೂ.