ನಿಮ್ಮ ಪರದೆ ಬೇರೆ, ಸಭೆಯ ಪರದೆ ಬೇರೆ

ಸೆಮಿನಾರ್ ಹಾಲ್‌ಗಳಲ್ಲಿ ಪ್ರೊಜೆಕ್ಟರ್, ಮೈಕ್ ನೋಡಿಕೊಳ್ಳುವುದು ನನ್ನ ಕೆಲಸ. ಮಾತಾಡುವವರು ಜನರಿಗೆ ಬೆನ್ನು ಹಾಕಿ, ಪರದೆ ಮೇಲಿನ ಸ್ಲೈಡನ್ನು ಸಾಲು ಸಾಲಾಗಿ ಓದುವುದನ್ನು ತುಂಬಾ ಸಲ ನೋಡಿದ್ದೇನೆ. ಅವರಿಗೆ ವಿಷಯ ಗೊತ್ತಿಲ್ಲ ಅಂತಲ್ಲ. ಹೇಳಬೇಕಾದ್ದು ಎಲ್ಲಿ ಮರೆತುಹೋಗುತ್ತದೋ ಎಂಬ ಭಯಕ್ಕೆ ಎಲ್ಲವನ್ನೂ ಸ್ಲೈಡ್‌ಗೆ ತುಂಬಿರುತ್ತಾರೆ. ತುಂಬಿದ ಮೇಲೆ ಓದಲೇಬೇಕಲ್ವಾ? ಆ ಭಯ ಕಳೆಯುವ ಸೌಲಭ್ಯ ಅವರ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ಅದೇ ಪ್ರೆಸೆಂಟರ್ ವ್ಯೂ.

ಸಭೆಗೆ ಕಾಣುವುದು ಬರೀ ಸ್ಲೈಡ್. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಈಗಿನ ಸ್ಲೈಡ್, ಮುಂದೆ ಬರುವ ಸ್ಲೈಡ್, ನೀವು ಬರೆದಿಟ್ಟ ನೋಟ್ಸ್, ಎಷ್ಟು ಹೊತ್ತಾಯಿತು ಎಂಬ ಲೆಕ್ಕ ಎಲ್ಲ ಕಾಣುತ್ತವೆ. ಪವರ್‌ಪಾಯಿಂಟ್‌ನಲ್ಲಿ ಇದೆ, ಆಪಲ್‌ನ ಕೀನೋಟ್‌ನಲ್ಲಿದೆ, ಗೂಗಲ್ ಸ್ಲೈಡ್ಸ್‌ನಲ್ಲಿದೆ. ದುಡ್ಡು ಕೊಡದೆ ಸಿಗುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲೂ ಇದೆ, ಅಲ್ಲಿ ಇದರ ಹೆಸರು ಪ್ರೆಸೆಂಟರ್ ಕನ್ಸೋಲ್.

ಇಷ್ಟಿದ್ದೂ ಯಾಕೆ ಬಳಕೆಯಾಗುತ್ತಿಲ್ಲ? ಬಹಳ ಕಡೆ ತೊಡಕು ಶುರುವಾಗುವುದು ಕೇಬಲ್ ಹಾಕಿದ ಕೂಡಲೇ. ಲ್ಯಾಪ್‌ಟಾಪ್ ಡೂಪ್ಲಿಕೇಟ್ ಸ್ಥಿತಿಯಲ್ಲಿದ್ದರೆ ಎರಡೂ ಕಡೆ ಒಂದೇ ಚಿತ್ರ ಬರುತ್ತದೆ. ಆಗ ಖಾಸಗಿ ಪರದೆ ಎಂಬುದೇ ಇರುವುದಿಲ್ಲ. ವಿಂಡೋಸ್ ಕೀಲಿ ಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. ಅದರಲ್ಲಿ ಎರಡು ಪರದೆಯಲ್ಲಿ ಬೇರೆ ಬೇರೆ ಚಿತ್ರ ತೋರಿಸುವ ಎಕ್ಸ್‌ಟೆಂಡ್ ಆರಿಸಿ. ಆಮೇಲೆ ಪವರ್‌ಪಾಯಿಂಟ್‌ನ ಸ್ಲೈಡ್ ಶೋ ಟ್ಯಾಬ್‌ನಲ್ಲಿ ‘ಯೂಸ್ ಪ್ರೆಸೆಂಟರ್ ವ್ಯೂ’ಗೆ ಟಿಕ್ ಇದೆಯಾ ನೋಡಿ, ಎಫ್5 ಒತ್ತಿ. ಕೆಲವೊಮ್ಮೆ ನೋಟ್ಸ್ ಪ್ರೊಜೆಕ್ಟರ್‌ಗೆ ಹೋಗಿ ಸ್ಲೈಡ್ ನಿಮ್ಮ ಕಡೆ ಬರುತ್ತದೆ. ಗಾಬರಿಯಾಗಿ ಕೇಬಲ್ ಕೀಳಬೇಡಿ. ಪ್ರೆಸೆಂಟರ್ ವ್ಯೂನ ಮೇಲ್ಗಡೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ವಾಪ್ ಎಂಬ ಆಯ್ಕೆ ಇದೆ, ಅದನ್ನು ಒತ್ತಿದರೆ ಅದಲು ಬದಲಾಗುತ್ತದೆ. ಕೀನೋಟ್‌ನಲ್ಲಾದರೆ ಎಕ್ಸ್ ಕೀಲಿ ಒತ್ತಿದರೆ ಸಾಕು.

ಎಕ್ಸ್‌ಟೆಂಡ್ ಮಾಡಿದ ಮೇಲೆ ಎರಡು ವಿಷಯ ನೆನಪಿರಲಿ. ಮೊದಲನೆಯದು, ವಿಂಡೋಸ್‌ನಲ್ಲಿ ನೋಟಿಫಿಕೇಶನ್ ಬರುವುದು ಮುಖ್ಯ ಪರದೆಗೆ. ಸೆಟ್ಟಿಂಗ್ಸ್‌ನಲ್ಲಿ ಮುಖ್ಯ ಪರದೆ ಅಂತ ಪ್ರೊಜೆಕ್ಟರ್ ಆಯ್ಕೆಯಾಗಿದ್ದರೆ ನಿಮ್ಮ ಮನೆಯ ವಾಟ್ಸಾಪ್ ಮಾತು ಇಡೀ ಸಭೆಗೆ ಕಾಣುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ಪರದೆಯೇ ಮುಖ್ಯವಾಗಿರಲಿ, ಡು ನಾಟ್ ಡಿಸ್ಟರ್ಬ್ ಕೂಡ ಆನ್ ಇರಲಿ. ಎರಡನೆಯದು, ಮಧ್ಯದಲ್ಲಿ ಬ್ರೌಸರ್ ತೆರೆದರೆ ಅದು ಸಾಮಾನ್ಯವಾಗಿ ನಿಮ್ಮ ಪರದೆಯಲ್ಲೇ ತೆರೆದುಕೊಳ್ಳುತ್ತದೆ. ನೀವು ವಿವರಿಸುತ್ತಿರುತ್ತೀರಿ, ಜನ ಹಳೇ ಸ್ಲೈಡನ್ನೇ ನೋಡುತ್ತಿರುತ್ತಾರೆ. ವಿಂಡೋಸ್, ಶಿಫ್ಟ್ ಎರಡನ್ನೂ ಹಿಡಿದು ಎಡ ಅಥವಾ ಬಲ ಬಾಣದ ಕೀಲಿ ಒತ್ತಿದರೆ ಆ ಕಿಟಕಿ ಪಕ್ಕದ ಪರದೆಗೆ ಹೋಗುತ್ತದೆ.

ಇದೆಲ್ಲ ಮೆಕ್ಯಾನಿಕ್ ಕೆಲಸ, ಒಂದು ಸಲ ಕಲಿತರೆ ಮುಗಿಯಿತು. ಕಷ್ಟ ಇರುವುದು ನೋಟ್ಸ್ ಬರೆಯುವುದರಲ್ಲಿ. ಪ್ರೆಸೆಂಟರ್ ವ್ಯೂ ಸಿಕ್ಕಿತು ಅಂತ ಇಡೀ ಭಾಷಣವನ್ನು ಅದರಲ್ಲಿ ಬರೆಯುವವರಿದ್ದಾರೆ. ಆಗ ಗೋಡೆ ನೋಡಿ ಓದುವುದು ತಪ್ಪಿ, ಲ್ಯಾಪ್‌ಟಾಪ್ ನೋಡಿ ಓದುವುದು ಶುರುವಾಗುತ್ತದೆ. ತಲೆ ಬಗ್ಗಿದ್ದು ಏಳುವುದೇ ಇಲ್ಲ. ನಾಟಕದಲ್ಲಿ ಸೈಡ್ ವಿಂಗ್‌ನಲ್ಲಿ ನಿಂತು ಮಾತು ಎತ್ತಿಕೊಡುವವರು ಮೊದಲ ಪದ ಮಾತ್ರ ಹೇಳುತ್ತಾರೆ, ಉಳಿದದ್ದು ನಟನ ಬಾಯಲ್ಲೇ ಬರಬೇಕು. ನೋಟ್ಸ್ ಕೂಡ ಅಷ್ಟೇ ಇರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಕಾವೇರಿ ನೀರಾವರಿ ಬಗ್ಗೆ ಮಾತಾಡುತ್ತಿದ್ದೀರಿ ಅಂದುಕೊಳ್ಳಿ. ಸ್ಲೈಡ್‌ನಲ್ಲಿ ಕೆಆರ್‌ಎಸ್‌ನ ಒಂದು ದೊಡ್ಡ ಫೋಟೋ, ಅಷ್ಟೇ. ನೋಟ್ಸ್‌ನಲ್ಲಿ ಮೂರು ಸಾಲು: ‘ಗರಿಷ್ಠ ಮಟ್ಟ 124.80 ಅಡಿ. ಹಿಡಿಯುವ ನೀರು 49.45 ಟಿಎಂಸಿ. ಮುಂದೆ: ನಾಲೆಯ ಕೊನೇ ಭಾಗದ ರೈತರು.’ ಬಾಯಿ ತಪ್ಪಬಹುದಾದ ಅಂಕಿ ಬರೆದುಕೊಳ್ಳಿ. ಹೆಸರು ಬರೆದುಕೊಳ್ಳಿ. ಮುಂದಿನ ಸ್ಲೈಡ್‌ಗೆ ಹೇಗೆ ದಾಟಬೇಕು ಎಂಬ ಎಳೆ ಬರೆದುಕೊಳ್ಳಿ. ಅಣೆಕಟ್ಟಿನ ಕಥೆ ನಿಮಗೆ ಗೊತ್ತೇ ಇದೆ, ಅದನ್ನು ಜನರ ಮುಖ ನೋಡಿ ಹೇಳಿ. ನಾನು ನೋಡಿದ ಒಳ್ಳೆಯ ಮಾತುಗಾರರು ಕಣ್ಣು ಕೆಳಗಿಳಿಸುವುದು ಸ್ಲೈಡ್ ಬದಲಾಗುವಾಗ ಮಾತ್ರ. ನೋಟ್ಸ್ ಅಕ್ಷರವನ್ನೂ ದೊಡ್ಡದು ಮಾಡಿಕೊಳ್ಳಿ, ಕೆಳಗಡೆಯೇ ಅದರ ಗುಂಡಿ ಇದೆ. ನಿಂತ ಜಾಗದಿಂದ ಬಗ್ಗದೇ ಕಾಣಬೇಕು.

ಕನ್ನಡದಲ್ಲಿ ನೋಟ್ಸ್ ಬರೆಯುವವರಿಗೆ ಒಂದು ಮಾತು. ಯೂನಿಕೋಡ್‌ನಲ್ಲೇ ಬರೆಯಿರಿ. ಹಳೇ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ವೇದಿಕೆ ಹತ್ತಿದ ಮೇಲೆ ಅದಕ್ಕೆ ಪರಿಹಾರವಿಲ್ಲ.

ಅಭ್ಯಾಸಕ್ಕೆ ಪ್ರೊಜೆಕ್ಟರ್ ಬೇಕಿಲ್ಲ. ಮನೆಯಲ್ಲಿ ಪವರ್‌ಪಾಯಿಂಟ್ ತೆರೆದು, ಆಲ್ಟ್ ಹಿಡಿದು ಎಫ್5 ಒತ್ತಿದರೆ ಒಂದೇ ಪರದೆಯಲ್ಲೂ ಪ್ರೆಸೆಂಟರ್ ವ್ಯೂ ತೆರೆಯುತ್ತದೆ. ಗಡಿಯಾರ ಅಲ್ಲೇ ಓಡುತ್ತಿರುತ್ತದೆ, ನಿಮಗೆ ಕೊಟ್ಟ ಸಮಯಕ್ಕೆ ಮಾತು ಹೊಂದುತ್ತದಾ ಗೊತ್ತಾಗುತ್ತದೆ. ಬಿ ಕೀಲಿ ಒತ್ತಿ ನೋಡಿ, ಸಭೆಯ ಪರದೆ ಕಪ್ಪಾಗುತ್ತದೆ. ಯಾರಾದರೂ ಪ್ರಶ್ನೆ ಕೇಳಿದಾಗ ಹೀಗೆ ಮಾಡಿದರೆ ಎಲ್ಲರ ಕಣ್ಣೂ ನಿಮ್ಮ ಕಡೆ ತಿರುಗುತ್ತದೆ. ಮತ್ತೆ ಬಿ ಒತ್ತಿದರೆ ಸ್ಲೈಡ್ ವಾಪಸ್.

ಆನ್‌ಲೈನ್ ಮೀಟಿಂಗ್‌ನಲ್ಲಿ ಜಾಸ್ತಿ ಹುಷಾರಾಗಿರಬೇಕು. ಒಂದೇ ಪರದೆ ಇಟ್ಟುಕೊಂಡು ಪೂರ್ತಿ ಸ್ಕ್ರೀನ್ ಶೇರ್ ಮಾಡಿದರೆ ನಿಮಗೆ ಕಾಣುವ ನೋಟ್ಸ್ ಎಲ್ಲರಿಗೂ ಕಾಣುತ್ತದೆ. ಮೈಕ್ರೋಸಾಫ್ಟ್‌ನ ಮೀಟಿಂಗ್ ಆ್ಯಪ್ ಟೀಮ್ಸ್‌ನಲ್ಲಿ, ಸ್ಕ್ರೀನ್ ಬದಲು ಸ್ಲೈಡ್‌ಗಳನ್ನಷ್ಟೇ ತೋರಿಸುವ ಪವರ್‌ಪಾಯಿಂಟ್ ಲೈವ್ ಬಳಸಿದರೆ ನೋಟ್ಸ್ ನಿಮಗಷ್ಟೇ ಕಾಣುತ್ತದೆ. ಇನ್ನು ಕಾರ್ಯಕ್ರಮ ಮುಗಿದ ಮೇಲೆ ಯಾರೋ ಪಿಪಿಟಿ ಕೇಳುತ್ತಾರೆ, ನಾವೂ ಸುಮ್ನೆ ಕಳಿಸಿಬಿಡುತ್ತೇವೆ. ನೋಟ್ಸ್ ಆ ಫೈಲ್‌ನೊಳಗೇ ಇರುತ್ತದೆ! ಬರೀ ಸ್ಲೈಡ್‌ಗಳ ಪಿಡಿಎಫ್ ಮಾಡಿ ಕಳಿಸಿ. ಪಿಪಿಟಿಯೇ ಬೇಕೆಂದರೆ ಕಾಪಿ ಮಾಡಿಕೊಂಡು, ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಮೂಲಕ ಅದರಿಂದ ನೋಟ್ಸ್ ಅಳಿಸಿ ಕೊಡಿ.

ಇಷ್ಟೆಲ್ಲ ತಯಾರಾಗಿ ಹೋದರೂ ನಮ್ಮ ಎಷ್ಟೋ ಹಾಲ್‌ಗಳಲ್ಲಿ ಪೆನ್ ಡ್ರೈವ್ ಇಸಿದುಕೊಂಡು, ಹಿಂದಿನ ಮೂಲೆಯ ಕಂಪ್ಯೂಟರ್‌ನಲ್ಲಿ ಓಡಿಸುತ್ತಾರೆ. ಪ್ರೆಸೆಂಟರ್ ವ್ಯೂ ಇದ್ದರೂ ಅದು ಆಪರೇಟರ್ ಮುಂದೆ ಇರುತ್ತದೆ. ಮಾತಾಡುವವರ ಕೈಯಲ್ಲಿ ಸ್ಲೈಡ್ ಬದಲಿಸುವ ಒಂದು ಕ್ಲಿಕ್ಕರ್ ಮಾತ್ರ. ಅದಕ್ಕೇ ಪ್ರಿಂಟ್‌ನಲ್ಲಿ ನೋಟ್ಸ್ ಪೇಜಸ್ ಆರಿಸಿ, ಕಾಗದದಲ್ಲೂ ಒಂದು ಪ್ರತಿ ಒಯ್ಯಿರಿ ಅಂತ ಎಲ್ಲರಿಗೂ ಹೇಳುತ್ತೇನೆ. ಆದರೆ ಇದನ್ನು ಸರಿಮಾಡಬೇಕಾದವರು ಹಾಲ್ ನಡೆಸುವವರು. ವೇದಿಕೆವರೆಗೆ ಒಂದು ಎಚ್‌ಡಿಎಂಐ ಲೈನ್ ಎಳೆಸಿ. ದೂರ ಜಾಸ್ತಿಯಿದ್ದರೆ ಮಾಮೂಲಿ ಕೇಬಲ್‌ನಲ್ಲಿ ಸಿಗ್ನಲ್ ಸೊರಗುತ್ತದೆ, ಆಪ್ಟಿಕಲ್ ಕೇಬಲ್ ಅಥವಾ ಸಿಗ್ನಲನ್ನು ದೂರ ಒಯ್ಯುವ ಎಕ್ಸ್‌ಟೆಂಡರ್ ಹಾಕಿಸಿ. ಹಾರ, ಶಾಲು, ಫ್ಲೆಕ್ಸ್‌ಗೆ ಪ್ರತಿ ಸಲ ದುಡ್ಡು ತೆಗೆದಿಡುತ್ತೀರಿ. ಈ ಖರ್ಚು ಒಂದೇ ಸಲದ್ದು. ಕರೆದ ಅತಿಥಿಯ ಮಾತು ಜನರಿಗೆ ಮುಟ್ಟಬೇಕು ಅಂತಿದ್ದರೆ ಮುಂದಿನ ಬಜೆಟ್‌ನಲ್ಲೇ ಮಾಡಿಸಿ.