ಸ್ಕ್ಯಾನಿಂಗ್ ಗುತ್ತಿಗೆಗೆ ಕೊಡಿ, ಸೂಚಿ ಬರೆಯುವುದನ್ನಲ್ಲ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ಸರಿಪಡಿಸಬೇಕು ಎಂದ ಕೂಡಲೇ ಮೊದಲು ಸಿದ್ಧವಾಗುವುದು ಟೆಂಡರ್. ಹೊರಗಿನ ಏಜೆನ್ಸಿ ಬಂದು ಪುಟಕ್ಕಿಷ್ಟು ಎಂದು ಸ್ಕ್ಯಾನ್ ಮಾಡಿಕೊಟ್ಟು ಹೋಗುತ್ತದೆ, ಬಿಲ್ಲೂ ಪಾಸಾಗುತ್ತದೆ. ಆಮೇಲೆ ರೈತರೊಬ್ಬರು 1987ರ ಮ್ಯುಟೇಶನ್ (ಖಾತೆ ಬದಲಾವಣೆ) ಆದೇಶದ ನಕಲು ಕೇಳಿದರೆ ಕಂಪ್ಯೂಟರಿನಲ್ಲಿ ಕಾಣುವುದು 'ಜಮೀನು ಕಡತ 312'. ಅದರೊಳಗೆ ಏನಿದೆಯೆಂದು ತಿಳಿಯಲು ಮತ್ತೆ ಪುಟ ಪುಟ ತಿರುವಬೇಕು. ಆ ರೈತರು ಇನ್ನೊಂದು ದಿನದ ಕೂಲಿ ಬಿಟ್ಟು ಬರಬೇಕು.

ಏಜೆನ್ಸಿಯ ಹುಡುಗರನ್ನು ಬೈದು ಫಲವಿಲ್ಲ. ಪಿನ್ನು ಬಿಚ್ಚುವುದು, ಮಡಿಕೆ ನೇರ ಮಾಡುವುದು, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡುವುದು, ಇವನ್ನು ಕಚೇರಿ ಸಿಬ್ಬಂದಿಗಿಂತ ಅವರೇ ಅಚ್ಚುಕಟ್ಟಾಗಿ ಮಾಡುತ್ತಾರೆ. ಆದರೆ ಪೋಡಿಯಾದ, ಅಂದರೆ ಅಳತೆ ಮಾಡಿ ಭಾಗವಾದ, ಜಮೀನಿನ ಹಳೇ ಸರ್ವೆ ನಂಬರು ಕಡತದ ಮೇಲಿರುತ್ತದೆ, ಜನ ಕೇಳುವುದು ಹೊಸ ಹಿಸ್ಸಾ ನಂಬರಿನಲ್ಲಿ. ಎರಡೂ ಒಂದೇ ಜಮೀನೆಂದು ಗೊತ್ತಿರುವುದು ಆ ಕಡತಗಳನ್ನು ನೋಡಿಕೊಳ್ಳುವ ಕಚೇರಿಯ ವಿಷಯ ನಿರ್ವಾಹಕರಿಗೆ, ಮೊನ್ನೆ ಬಂದ ಆಪರೇಟರಿಗಲ್ಲ. ಟಿಪ್ಪಣಿ ಹಾಳೆಯ ಹಿಂಬದಿಯಲ್ಲಿ ಎರಡೇ ಸಾಲಿನ ಆದೇಶವಿರಬಹುದು. ಅದು ಆದೇಶವೆಂದು ತಿಳಿಯದವರು ಆ ಬದಿಯನ್ನೇ ಬಿಟ್ಟುಬಿಡುತ್ತಾರೆ.

ಆದ್ದರಿಂದ ಸ್ಕ್ಯಾನರ್ ಬರುವ ಮುಂಚೆಯೇ ಕಚೇರಿಯವರು ಪ್ರತಿ ಕಡತಕ್ಕೂ ಸೂಚಿಯಾಗಿ ಒಂದು ಚೀಟಿ ಬರೆದು ಅಂಟಿಸಬೇಕು: ಹೋಬಳಿ, ಗ್ರಾಮ, ಹಳೆಯ ಮತ್ತು ಹೊಸ ಸರ್ವೆ ನಂಬರು, ಪ್ರಕರಣ ಸಂಖ್ಯೆ ಮತ್ತು ವರ್ಷ, ಆದೇಶದ ದಿನಾಂಕ. ಪುಟಗಳಿಗೆ ಪೆನ್ಸಿಲಿನಲ್ಲಿ ನಂಬರು ಹಾಕಿ, ಬರಹವಿರುವ ಹಿಂಬದಿಗೂ ಹಾಕಿ, ಒಟ್ಟು ಸಂಖ್ಯೆಯನ್ನು ಅದೇ ಚೀಟಿಯಲ್ಲಿ ನಮೂದಿಸಿ. ಏಜೆನ್ಸಿ ಚೀಟಿಯಲ್ಲಿರುವುದನ್ನಷ್ಟೇ ಟೈಪ್ ಮಾಡಲಿ. ಪಿಡಿಎಫ್ ಪುಟಗಳ ಲೆಕ್ಕ ಚೀಟಿಗೆ ತಾಳೆಯಾಗದಿದ್ದರೆ ಆ ಕಡತ ವಾಪಸ್. ಹಣವನ್ನೂ ಪುಟಕ್ಕಲ್ಲ, ತಪಾಸಣೆಯಲ್ಲಿ ಒಪ್ಪಿದ ಕಡತಕ್ಕೆ ಎಂದು ಕರಾರಿನಲ್ಲೇ ಬರೆಯುವುದು ಮೇಲು. ನಿಮ್ಮ ಇಲಾಖೆಯ ಟೆಂಡರ್ ನಮೂನೆ ಇದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

'ನಮ್ಮಲ್ಲಿ ಜನ ಎಲ್ಲಿದ್ದಾರೆ ಸ್ವಾಮಿ?' ಎನ್ನುವ ಮಾತು ಸುಳ್ಳಲ್ಲ. ಹಾಗಿದ್ದರೆ ಬೇಡಿಕೆ ಹೆಚ್ಚಿರುವ ಒಂದು ಹೋಬಳಿಯಿಂದ ಶುರು ಮಾಡಿ. ನಿವೃತ್ತ ಶಿರಸ್ತೇದಾರರೊಬ್ಬರನ್ನು ಗೌರವಧನಕ್ಕೆ ಕರೆಸಲು ಸಾಧ್ಯವಾದರೆ ಅರ್ಧ ಭಾರ ಇಳಿಯುತ್ತದೆ. ಆದರೆ ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಎ) ದಾಖಲೆಗಳನ್ನು ಪಟ್ಟಿ ಮಾಡಿ ಸೂಚಿ ಸಮೇತ ಇಡುವ ಹೊಣೆಯನ್ನು ಸಾರ್ವಜನಿಕ ಪ್ರಾಧಿಕಾರದ ಮೇಲೇ ಹಾಕಿದೆ. ಗುತ್ತಿಗೆ ಕೊಟ್ಟರೆ ಅದು ಇಳಿಯುವುದಿಲ್ಲ.

ಅವಧಿ ಮುಗಿದ ಕಡತಗಳ ನಾಶವನ್ನಂತೂ ಏಜೆನ್ಸಿಗೆ ಬಿಡಲೇಬೇಡಿ. ಎಷ್ಟು ಕಾಲ ಇಡಬೇಕೆಂಬ ವರ್ಗವನ್ನು ತಪ್ಪಾಗಿ ಬರೆದ ಒಂದು ಶಾಶ್ವತ ಕಡತ ಚೂರಾದರೆ ಮತ್ತೆ ಬರುವುದಿಲ್ಲ. ನಾಶದ ಪಟ್ಟಿಯನ್ನು ವಿಷಯ ನಿರ್ವಾಹಕರು ತಯಾರಿಸಿ, ಸಕ್ಷಮ ಅಧಿಕಾರಿ ಸಹಿ ಹಾಕಿದ ಮೇಲಷ್ಟೇ ಕಡತಗಳು ಕೊಠಡಿ ದಾಟಬೇಕು.