ಸಾರು ಕುಡಿದರೆ ಬೇಳೆ ತಿಂದ ಹಾಗಲ್ಲ

"ಬೇಳೆ ದಿನಾ ಹಾಕ್ತೀನಿ ಮೇಡಂ."

ಈ ಮಾತನ್ನು ವಾರಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ನಾನು ಆಸ್ಪತ್ರೆಯಲ್ಲಿ ಆಹಾರ ತಜ್ಞೆ. ಡಾಕ್ಟರು ಚೀಟಿ ಮೇಲೆ 'ತೂಕ ಕಡಿಮೆ', 'ರಕ್ತ ಕಡಿಮೆ' ಅಂತ ಬರೆದು ಕಳಿಸುತ್ತಾರೆ. ತಾಯಂದಿರು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಎದುರು ಕೂರುತ್ತಾರೆ. ಏನು ಅಡುಗೆ ಮಾಡ್ತೀಯಮ್ಮ ಅಂದರೆ ಅನ್ನ, ಸಾರು, ಒಂದೊಂದು ದಿನ ಮುದ್ದೆ. ಸಾರಿಗೆ ಏನು ಹಾಕ್ತೀಯ ಅಂದರೆ ಬೇಳೆ. ದಿನಾ ಬೇಳೆ. ಅವರು ಸುಳ್ಳು ಹೇಳುತ್ತಿಲ್ಲ. ಹಾಕುವುದು ನಿಜ. ಎಷ್ಟು ಹಾಕುತ್ತಾರೆ, ಹಾಕಿದ್ದು ಯಾರ ಹೊಟ್ಟೆಗೆ ಹೋಗುತ್ತದೆ ಅನ್ನುವುದೇ ಪ್ರಶ್ನೆ.

ಹೋದ ತಿಂಗಳು ಬಂದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗಂಡನದು ಗಾರೆ ಕೆಲಸ, ಶನಿವಾರ ಬಟವಾಡೆ. ಆಕೆ ನಾಲ್ಕು ಮನೆ ಕೆಲಸ ಮಾಡುತ್ತಾಳೆ. ಇಬ್ಬರು ಮಕ್ಕಳು, ಚಿಕ್ಕವಳು ಎರಡನೇ ಕ್ಲಾಸು. ರೇಷನ್ ಅಕ್ಕಿ ಬರುತ್ತದೆ, ಹಾಗಾಗಿ ಅಕ್ಕಿಗೆ ಕೊರತೆ ಇಲ್ಲ. ಉಳಿದದ್ದಕ್ಕೆ ಭಾನುವಾರದ ಸಂತೆ, ಮತ್ತೆ ಬೀದಿ ಕೊನೆಯ ಅಂಗಡಿ. ತಿಂಗಳಿಗೆ ಎಷ್ಟು ಬೇಳೆ ತರ್ತೀಯಮ್ಮ ಅಂದೆ. "ಒಂದು ಕೆಜಿ ಮೇಡಂ. ದುಬಾರಿ ಅಲ್ವಾ."

ನಾನು ಅಲ್ಲೇ ಲೆಕ್ಕ ಹಾಕಿದೆ. 1,000 ಗ್ರಾಂ, 30 ದಿನ, ನಾಲ್ಕು ಜನ. ಒಬ್ಬರಿಗೆ ದಿನಕ್ಕೆ 8 ಗ್ರಾಂ ಚಿಲ್ಲರೆ. ಎರಡು ಸಲದ ಊಟಕ್ಕೆ ಸೇರಿ, ಎರಡು ಟೀ ಚಮಚದಷ್ಟು ಬೇಳೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ತಟ್ಟೆಯಲ್ಲಿ ದೊಡ್ಡವರಿಗೆ ದಿನಕ್ಕೆ 85 ಗ್ರಾಂ ಬೇಳೆಕಾಳು ಇದೆ. 85 ಎಲ್ಲಿ, 8 ಎಲ್ಲಿ.

ಆಕೆ ಮಗುವಿಗೆ ಅಂತ ಊಟದ ಕ್ಯಾರಿಯರ್ ತಂದಿದ್ದಳು. ಕೇಳಿ ತೆಗೆಸಿದೆ. ಒಂದು ಲೋಟ ಸಾರನ್ನು ಟೀ ಸೋಸುವ ಜಾಲರಿಗೆ ಹಾಕಿ, ಕೆಳಗೆ ಇನ್ನೊಂದು ಲೋಟ ಇಟ್ಟೆ. ಸಾರು ಇಳಿಯಿತು. ಬಣ್ಣ ಚೆನ್ನಾಗಿತ್ತು, ಇಂಗಿನ ಘಮ ಕೊಠಡಿ ತುಂಬಾ. ಜಾಲರಿಯಲ್ಲಿ ಉಳಿದದ್ದು ಎರಡು ಕರಿಬೇವಿನ ಎಲೆ, ಒಂದು ತುಂಡು ಟೊಮೆಟೊ ಸಿಪ್ಪೆ, ಅರ್ಧ ಚಮಚ ಬೇಳೆ. ಆಕೆ ಅದನ್ನೇ ನೋಡುತ್ತಾ ಕೂತಳು. ಆಮೇಲೆ ಎಲ್ಲರೂ ಹೇಳುವ ಮಾತನ್ನೇ ಹೇಳಿದಳು: "ಸತ್ವ ಎಲ್ಲಾ ಸಾರಿಗೆ ಇಳಿದಿರುತ್ತಲ್ವಾ ಮೇಡಂ?"

ಇಲ್ಲ ತಾಯಿ. ಇಳಿದಿರುವುದಿಲ್ಲ. ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಬೇಳೆ ಬೇಯಿಸಿದಾಗ ನೀರಿಗೆ ಇಳಿಯುವುದು ರುಚಿ, ಬಣ್ಣ, ಒಂದಿಷ್ಟು ಲವಣ, ಬಿ ಗುಂಪಿನ ವಿಟಮಿನ್‌ಗಳಲ್ಲಿ ಸ್ವಲ್ಪ. ಮಗುವಿನ ಮೈ ಬೆಳೆಯುವುದಕ್ಕೆ ಬೇಕಾದ ಪ್ರೊಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಬೇಳೆ ಕರಗಿ ಸಾರಿನಲ್ಲಿ ಬೆರೆತಿದ್ದರೆ ಸರಿ, ಅದೂ ಬೇಳೆಯೇ. ಆದರೆ ಹಾಕಿದ್ದೇ ನಾಲ್ಕು ಚಮಚ ಆದರೆ, ಎಷ್ಟು ಕಡೆದರೂ ಅದು ನಾಲ್ಕು ಚಮಚವೇ. ಒಂದು ಚೊಂಬು ನೀರು ಸುರಿದು ಕುದಿಸಿದರೆ ಸಾರು ಹೆಚ್ಚುತ್ತದೆ, ಬೇಳೆ ಹೆಚ್ಚುವುದಿಲ್ಲ.

ಕೈ ಬಿಗಿಯಾದ ವಾರ ಮೊದಲು ತೆಳ್ಳಗಾಗುವುದೇ ಸಾರು. ಅನ್ನ ಅಷ್ಟೇ ಇರುತ್ತದೆ, ಕಾಫಿ ಟೀ ಅಷ್ಟೇ ಇರುತ್ತದೆ. ತಟ್ಟೆ ನೋಡಿದರೆ ಏನೂ ಕಡಿಮೆ ಆಗಿಲ್ಲ ಅನ್ನಿಸುತ್ತದೆ. ಹೊಟ್ಟೆಯೂ ತುಂಬುತ್ತದೆ. ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ.

ಇದೇ ನಂಬಿಕೆ ಎಳೆ ಕೂಸುಗಳನ್ನು ಇನ್ನೂ ಕಾಡುತ್ತದೆ. ಆರು ತಿಂಗಳು ತುಂಬಿದ ಮಗುವಿಗೆ ಬೇಳೆ ಕಟ್ಟು ಕುಡಿಸುತ್ತಾರೆ, ಜೀರ್ಣ ಆಗಲಿ ಅಂತ ಪ್ರೀತಿಯಿಂದಲೇ. ಆ ಮಗುವಿನ ಹೊಟ್ಟೆ ಎಷ್ಟಿದ್ದೀತು? ಬರೀ ನೀರಿಗೇ ತುಂಬಿಹೋಗುತ್ತದೆ. ಬೇಳೆಯನ್ನೇ ನುಣ್ಣಗೆ ಕಿವುಚಿ, ಅನ್ನದ ಜೊತೆ ಗಟ್ಟಿಯಾಗಿ ಕೊಡಿ. ಚಮಚ ಓರೆ ಮಾಡಿದರೂ ಸುರಿದುಹೋಗಬಾರದು, ಅಷ್ಟು ಗಟ್ಟಿ. ಮೇಲೊಂದು ಹನಿ ತುಪ್ಪವೋ ಎಣ್ಣೆಯೋ. ಎದೆಹಾಲು ನಡೆಯುತ್ತಲೇ ಇರಲಿ.

ನನ್ನ ಅಜ್ಜಿಯ ಮನೆ ತಿಪಟೂರು ಕಡೆ. ಒಂದು ಜೊತೆ ಎತ್ತು ಇದ್ದವು. ಬೇಸಾಯದ ದಿನಗಳಲ್ಲಿ ಎತ್ತಿಗೆ ಅಂತ ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯುತ್ತಿತ್ತು. ಬೆಂದ ಮೇಲೆ ಅಜ್ಜಿ ಕಟ್ಟು ಬಸಿದುಕೊಂಡು, ಬೆಳ್ಳುಳ್ಳಿ, ಜೀರಿಗೆ, ಮೆಣಸು ಅರೆದು ಹಾಕಿ ಸಾರು ಮಾಡುತ್ತಿದ್ದಳು. ಆ ಸಾರಿನ ರುಚಿ ಈಗಲೂ ನಾಲಿಗೆ ಮೇಲಿದೆ. ಕಾಳು ಎತ್ತಿಗೆ, ಕಟ್ಟು ನಮಗೆ. ಎತ್ತುಗಳು ಮಿರಮಿರ ಮಿಂಚುತ್ತಿದ್ದವು. ನಾವು ಮಕ್ಕಳು ಕೊಟ್ಟಿಗೆಗೆ ನುಗ್ಗಿ ಹಿಡಿ ಹಿಡಿ ಹುರುಳಿ ಬಾಚಿ ಉಪ್ಪು ಹಾಕಿಕೊಂಡು ತಿನ್ನುತ್ತಿದ್ದೆವು. ಅಜ್ಜಿ ಬೈಯುತ್ತಿದ್ದಳು, ಎತ್ತಿನ ಪಾಲು ಅಂತ. ಓದು ಮುಗಿಸಿ ಈ ಕೆಲಸಕ್ಕೆ ಬಂದ ಮೇಲೆ, ಹುರುಳಿಯಲ್ಲೂ ತೊಗರಿ ಬೇಳೆಯಲ್ಲೂ 100 ಗ್ರಾಮಿಗೆ ಹೆಚ್ಚುಕಡಿಮೆ 22 ಗ್ರಾಂ ಪ್ರೊಟೀನ್ ಇದೆ ಅಂತ ತಿಳಿದಾಗ ಆ ಕೊಟ್ಟಿಗೆಯೇ ಕಣ್ಣ ಮುಂದೆ ಬಂತು.

ಸರಿ, ಗಟ್ಟಿ ಸಾರು ಮಾಡಿ ಅಂದರೆ ನಮ್ಮ ಕಡೆ ಇನ್ನೊಂದು ತಕರಾರು. ಮುದ್ದೆಗೆ ತಿಳಿ ಸಾರೇ ಆಗಬೇಕು, ಗಟ್ಟಿ ಆದರೆ ಗಂಡ ತಟ್ಟೆ ಪಕ್ಕಕ್ಕಿಡುತ್ತಾನೆ. ಇದನ್ನು ನಾನು ಒಪ್ಪುತ್ತೇನೆ. ಮುದ್ದೆ ಮುರಿದು, ಅದ್ದಿ, ನುಂಗುವವರಿಗೆ ಸಾರು ತಿಳಿಯಾಗಿಯೇ ಇರಬೇಕು. ಅದಕ್ಕೆ ನಮ್ಮ ಅಡುಗೆಮನೆಯಲ್ಲೇ ದಾರಿ ಇದೆ: ಬಸ್ಸಾರು. ಕಾಳು ಮತ್ತು ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿಯಿರಿ. ಬೆಂದದ್ದರಲ್ಲಿ ಎರಡು ಸೌಟು ತೆಗೆದು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಸೆ, ಚೂರು ಕಾಯಿ ಜೊತೆ ರುಬ್ಬಿ, ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸಲ ಬೇಯಿಸಿ ಎರಡು ಅಡುಗೆ. ಕಟ್ಟೂ ಕುಡಿದಿರಿ, ಕಾಳೂ ತಿಂದಿರಿ. ಆದರೆ ಪಲ್ಯ ಅನ್ನುವುದು ತಟ್ಟೆಯ ಮೂಲೆಯಲ್ಲಿ ಉಪ್ಪಿನಕಾಯಿ ಹಾಗೆ ಇರಬಾರದು. ಒಬ್ಬೊಬ್ಬರಿಗೆ ಒಂದು ಸೌಟು ತುಂಬಾ ಬೀಳಬೇಕು. ಅಡುಗೆ ಮಾಡಿದವಳ ತಟ್ಟೆಗೂ.

ಅಳತೆ ಕೇಳುತ್ತಾರೆ. ನಾನು ಹೇಳುವುದು ತಲೆಗೊಂದು ಹಿಡಿ. ದೊಡ್ಡವರಿಗೆ ಒಂದೊಂದು ಊಟಕ್ಕೆ ಒಂದೊಂದು ಹಿಡಿ ಒಣ ಬೇಳೆ ಅಥವಾ ಕಾಳು, ಮಕ್ಕಳಿಗೆ ಅದಕ್ಕಿಂತ ಸ್ವಲ್ಪ ಕಡಿಮೆ. ನನ್ನ ಹಿಡಿ ತೂಗಿ ನೋಡಿದ್ದೇನೆ, 35 ಗ್ರಾಂ ಬರುತ್ತದೆ. ಆ ತಾಯಿಯ ಮನೆಗೆ ಈ ಲೆಕ್ಕದಲ್ಲಿ ವಾರಕ್ಕೆ ಮುಕ್ಕಾಲು ಕೆಜಿ ತೊಗರಿ ಬೇಳೆ, ಅರ್ಧ ಕೆಜಿ ಹುರುಳಿ, ಕಾಲು ಕೆಜಿ ಹೆಸರುಕಾಳು, ಕಾಲು ಕೆಜಿ ಅಲಸಂದೆ ಸಾಕು. ನಮ್ಮೂರ ಸಂತೆಯಲ್ಲಿ ಆ ವಾರ ತೊಗರಿ ಬೇಳೆ 130, ಹುರುಳಿ 80, ಹೆಸರು 120, ಅಲಸಂದೆ 100 ಇತ್ತು. ಒಟ್ಟು 200 ರೂಪಾಯಿ ಒಳಗೆ. ನಿಮ್ಮೂರಲ್ಲಿ ಹೆಚ್ಚುಕಡಿಮೆ ಆಗಬಹುದು, ವಾರದಿಂದ ವಾರಕ್ಕೂ ದರ ಬದಲಾಗುತ್ತದೆ. ಯಾವುದು ಅಗ್ಗವೋ ಆ ಕಾಳು ಜಾಸ್ತಿ ತನ್ನಿ. ತೊಗರಿಯೇ ಆಗಬೇಕು ಅಂತ ಏನೂ ಇಲ್ಲ.

"200 ಎಲ್ಲಿಂದ ತರಲಿ ಮೇಡಂ?" ಆಕೆ ಕೇಳಿದ್ದು ನ್ಯಾಯವೇ. ಈಗ ಬೇಳೆಗೆ ವಾರಕ್ಕೆ ಮೂವತ್ತು ಚಿಲ್ಲರೆ ಖರ್ಚಾಗುತ್ತಿದೆ. ಇನ್ನೂ 160 ಬೇಕು.

ಅಂಗಡಿ ಲೆಕ್ಕ ಕೇಳಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮಕ್ಕಳು ಅಳಬಾರದು ಅಂತ ಒಬ್ಬೊಬ್ಬರ ಕೈಗೆ 10 ರೂಪಾಯಿ ಕೊಡುತ್ತಾಳೆ. ವಾರಕ್ಕೆ ಆರು ದಿನ. ಅದು 120. ಅದರ ಮೇಲೆ ಹಾಲಿಗೆ ಹಾಕುವ ಪುಡಿಯ ಡಬ್ಬಿ, ಅರ್ಧ ಕೆಜಿಯದು, ತಿಂಗಳಿಗೊಂದು, 250 ರೂಪಾಯಿ. ವಾರಕ್ಕೆ 60 ಬಂತು. ಒಟ್ಟು 180.

ಸಂತೆಗೆ ಹೋಗುವಾಗ ಪ್ರತಿ ರೂಪಾಯಿಗೂ ಚೌಕಾಸಿ ಮಾಡುವವರು ಈ ಐದು ಹತ್ತರ ಪೊಟ್ಟಣಗಳನ್ನು ದಿನಸಿ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಅದು ಚಿಲ್ಲರೆ ದುಡ್ಡು ಅಂತ. ನಾನು ಇದಕ್ಕೆ ಬೈಯುವುದಿಲ್ಲ. ಅಳುವ ಮಗುವನ್ನು ಬಿಟ್ಟು ಹೋಗುವ ಸಂಕಟ ನನಗೂ ಗೊತ್ತು, ನನ್ನ ಮಗಳನ್ನೂ ಹಾಗೇ ಬಿಟ್ಟು ಬಂದಿದ್ದೇನೆ. ಆದರೆ ಡಬ್ಬಿ ವಿಷಯದಲ್ಲಿ ನನಗೆ ತಾಳ್ಮೆ ಉಳಿದಿಲ್ಲ. ಹಿಂದಿನ ಸಲ ಬಂದಾಗ ಡಬ್ಬಿ ತರಿಸಿ, ಹಿಂಬದಿ ಓದಿಸಿದೆ. 100 ಗ್ರಾಮಿಗೆ 7 ಗ್ರಾಂ ಪ್ರೊಟೀನ್. ಮೂರನೇ ಒಂದು ಭಾಗಕ್ಕೂ ಜಾಸ್ತಿ ಸಕ್ಕರೆ. ಇಡೀ ಡಬ್ಬಿಯಲ್ಲಿ 35 ಗ್ರಾಂ ಪ್ರೊಟೀನ್ ಆಯಿತು. ಅಷ್ಟು ಪ್ರೊಟೀನ್ 160 ಗ್ರಾಂ ತೊಗರಿ ಬೇಳೆಯಲ್ಲಿದೆ, ಬೆಲೆ 21 ರೂಪಾಯಿ. ಇಂಥ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಅನ್ನುವ ಹೆಸರಿನಡಿ ಇಡಬೇಡಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ. ಬೀದಿ ಅಂಗಡಿಯಲ್ಲಿ, ನಮ್ಮ ಮಾತಿನಲ್ಲಿ, ಅದಿನ್ನೂ ಶಕ್ತಿಯ ಪುಡಿಯೇ. ಮಗುವಿಗೆ ಹಾಲು ಒಗ್ಗಿದರೆ ಬರೀ ಹಾಲು ಕೊಡಿ, ಚೂರು ಬೆಲ್ಲ ಹಾಕಿದರೂ ಪರವಾಗಿಲ್ಲ.

ಹತ್ತು ರೂಪಾಯಿ ಪೊಟ್ಟಣ ಒಂದೇ ದಿನಕ್ಕೆ ನಿಲ್ಲಿಸಿ ಅಂತಲೂ ಹೇಳುವುದಿಲ್ಲ, ನಿಲ್ಲುವುದಿಲ್ಲ. ವಾರಕ್ಕೆ ಎರಡು ದಿನ ಇರಲಿ. ಉಳಿದ ದಿನ ಹುರಿಗಡಲೆಗೆ ಬೆಲ್ಲದ ಚೂರು ಸೇರಿಸಿ ಜೇಬಿಗೆ ಹಾಕಿ, ಇಲ್ಲವೇ ಹುರಿದ ಕಡಲೆಕಾಯಿ ಬೀಜ. ತೀರಾ ಪುಟ್ಟ ಮಕ್ಕಳಿಗೆ ಇಡೀ ಬೀಜ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೊಟ್ಟೆ ತಿನ್ನುವ ಮನೆಯಾದರೆ ಕೆಲಸ ಇನ್ನೂ ಸುಲಭ. ಸರ್ಕಾರಿ ಶಾಲೆಗಳಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ 6 ದಿನ ಮೊಟ್ಟೆ ಕೊಡುವುದು ಶುರುವಾಯಿತು, ತಿನ್ನದವರಿಗೆ ಬಾಳೆಹಣ್ಣು. ಹಾಗಾಗಿ ಮನೆಗೆ ತರುವ ನಾಲ್ಕು ಮೊಟ್ಟೆಯಲ್ಲಿ ಎರಡನ್ನಾದರೂ ತಾಯಿ ತಿನ್ನಬೇಕು. ಇದನ್ನು ಹೇಳಿದಾಗಲೆಲ್ಲ ಎದುರಿಗೆ ಕೂತವರು ನಗುತ್ತಾರೆ. ತಮಗಾಗಿ ಮೊಟ್ಟೆ ಬೇಯಿಸಿಕೊಳ್ಳುವುದು ಅವರಿಗೆ ನಾಚಿಕೆಯ ವಿಷಯ. ನನಗೆ ಇದು ನಗುವ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8 ಶೇಕಡಾ ಜನಕ್ಕೆ ರಕ್ತಹೀನತೆ ಇತ್ತು, 6 ತಿಂಗಳು ತುಂಬಿದ, 5 ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ.

ರಕ್ತದ ವಿಷಯ ಬಂದದ್ದಕ್ಕೆ ಎರಡು ಎಚ್ಚರಿಕೆ. ಬೇಳೆ ಸೊಪ್ಪು ತಿನ್ನುತ್ತೇವೆ ಅಂತ ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ಬಿಡಬೇಡಿ. ಊಟದ ಹಿಂದೆಯೇ ಟೀ ಕುಡಿಯಬೇಡಿ, ಒಂದು ಗಂಟೆ ಬಿಡಿ, ಬದಲಿಗೆ ಪಲ್ಯಕ್ಕೆ ನಿಂಬೆಹುಳಿ ಹಿಂಡಿ. ಮತ್ತೆ, ಮೂತ್ರಪಿಂಡದ ತೊಂದರೆ ಇರುವವರಿಗೆ ನಾನು ಹೇಳಿದ ಅಳತೆ ಅನ್ವಯಿಸುವುದಿಲ್ಲ. ಅವರು ತಮ್ಮ ಡಾಕ್ಟರನ್ನೇ ಕೇಳಬೇಕು.

ಕಾಳು ಬೇಯಲು ಗ್ಯಾಸ್ ಜಾಸ್ತಿ ಬೇಕು ಅನ್ನುವುದೂ ನಿಜವಾದ ಕಷ್ಟ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಬೇಯಿಸಿದರೆ ಉರಿ ತುಂಬಾ ಉಳಿಯುತ್ತದೆ, ಹೊಟ್ಟೆಯಲ್ಲಿ ವಾಯುವೂ ಕಡಿಮೆ. ಬೇಗ ಬೇಯಲಿ ಅಂತ ಅಡುಗೆ ಸೋಡಾ ಹಾಕಬೇಡಿ, ಬಿ ವಿಟಮಿನ್ ಹಾಳಾಗುತ್ತದೆ.

ಆ ತಾಯಿ ಮೊನ್ನೆ ಮತ್ತೆ ಬಂದಿದ್ದಳು. ಮಗಳ ತೂಕ ಇನ್ನೂ ಹೇಳಿಕೊಳ್ಳುವಷ್ಟು ಏರಿಲ್ಲ. ಒಂದು ತಿಂಗಳಿಗೆ ಏರುವುದೂ ಇಲ್ಲ, ಮೂರು ತಿಂಗಳು ಬಿಟ್ಟು ನೋಡೋಣ ಅಂದೆ. ಕ್ಯಾರಿಯರ್ ತಾನೇ ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು. ಮೇಲಿನ ಡಬ್ಬಿಯಲ್ಲಿ ತಿಳಿ ಸಾರು. ಕೆಳಗಿನದರಲ್ಲಿ ದಂಟಿನ ಸೊಪ್ಪು ಹುರುಳಿಕಾಳಿನ ಪಲ್ಯ, ಅಂಚಿನವರೆಗೆ.

"ಹುರುಳಿ ಉಷ್ಣ ಅಂತಾರಲ್ಲ ಮೇಡಂ, ಮಗುಗೆ ದಿನಾ ಕೊಡಬಹುದಾ?"

ವಾರಕ್ಕೆ ಎರಡು ದಿನ ಹುರುಳಿ ಮಾಡು, ಉಳಿದ ದಿನ ಹೆಸರು, ಅಲಸಂದೆ, ತೊಗರಿ ಅದಲು ಬದಲು ಮಾಡು ಅಂದೆ. ಆಕೆ ಮಗಳ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಅದನ್ನು ಬರೆದುಕೊಂಡಳು. ಸೋಮವಾರದ ಎದುರಿಗೆ ಹುರುಳಿ.